ಕೈ ಕಟ್ಟಿ ಕುಳಿತ ಗೋದುಬಾಯಿ

ಜೂನ್ ತಿಂಗಳ ಮೊದಲ ಸೋಮವಾರ ಸ್ವಪ್ನಾ ತನ್ನ ಅಜ್ಜಿ ಗೋದುಬಾಯಿಯ ಸೆರಗು ಬಿಡಲಿಲ್ಲ. ಮನೆಯಿಂದ ಹೊರಟಾಗ ಹಿಡಿದದ್ದು, ದಾಂಡೇಲಿ ಪೇಟೆ ದಾಟಿ, ಶಾಲೆಯ ಗೇಟು ದಾಟಿ, ಚಪ್ಪಲಿ ಬಿಡುವ ಜಗಲಿಗೆ ಬಂದು ಮುಟ್ಟಿದರೂ ಆ ಮೂರೂವರೆ ವರ್ಷದ ಮುಷ್ಟಿ ಸಡಿಲಾಗಲಿಲ್ಲ. ಗೋದುಬಾಯಿ ಪೆಪ್ಪರಮೆಂಟಿನ ಆಸೆ ತೋರಿಸಿದಳು, ಸಂಜೆಗೆ ಚುರಮುರಿ ಕೊಡಿಸುವುದಾಗಿ ಹೇಳಿದಳು, ಕೊನೆಗೆ ಸಣ್ಣಗೆ ಗದರಿಯೂ ನೋಡಿದಳು. ಸ್ವಪ್ನಾ ಅಳಲಿಲ್ಲ, ಹಟ ಮಾಡಲಿಲ್ಲ. ಸುಮ್ಮನೆ ಸೆರಗು ಹಿಡಿದು ನಿಂತಳು, ಅಷ್ಟೆ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಉಳಿದ ತಾಯಂದಿರು ಮಕ್ಕಳನ್ನು ಬಿಟ್ಟು ಒಬ್ಬೊಬ್ಬರೇ ಜಾರಿಕೊಂಡರು. ಮಳೆ ಹಿಡಿಯಿತು. ಆಗ ಒಳಗಿನಿಂದ ರಾಜಶ್ರೀ ಅಕ್ಕೋರು ಬಂದರು. ಹಳಿಯಾಳದವರು, ಮೂವತ್ತರ ಆಚೀಚೆ ವಯಸ್ಸು. ಬೆಳಗಾವಿಯಲ್ಲಿ ತರಬೇತಿ ಮುಗಿಸಿ, ಹಿಂದೊಮ್ಮೆ ಕಟ್ಟಿಗೆ ವ್ಯಾಪಾರಿಯದಾಗಿದ್ದ ಈ ಮನೆಯನ್ನು ಬಾಡಿಗೆಗೆ ಹಿಡಿದು ಮಾಂಟೆಸ್ಸರಿ ಶಾಲೆ ತೆರೆದಿದ್ದರು. ಅವರು ದನಿ ಏರಿಸಿ ಮಾತಾಡಿದ್ದನ್ನು ಕೇಳಿದವರಿರಲಿಲ್ಲ. ಸ್ವಪ್ನಾಳ ಮುಷ್ಟಿಯನ್ನೊಮ್ಮೆ, ಗೋದುಬಾಯಿಯ ಮುಖವನ್ನೊಮ್ಮೆ ನೋಡಿ ಅವರೇ ದಾರಿ ಹೇಳಿದರು.

“ಆಯೀ, ನೀವೂ ಒಳಗ ಬರ್ರಿ. ಮೂಲ್ಯಾಗ ಒಂದು ಸ್ಟೂಲ್ ಐತಿ, ಅದರ ಮ್ಯಾಲೆ ಕೂಡ್ರಿ. ಆದ್ರ ಎರಡು ಮಾತು ನಡಸಿಕೊಡಬೇಕು. ಮಕ್ಕಳ ಜೋಡಿ ಮಾತಾಡಬಾರದು. ಯಾರಿಗೂ ಸಹಾಯ ಮಾಡಬಾರದು.”

“ಇಷ್ಟ ಹೌದಲ್ರಿ ಅಕ್ಕೋರ,” ಎಂದು ನಕ್ಕು ಗೋದುಬಾಯಿ ಒಳಗೆ ಹೆಜ್ಜೆ ಇಟ್ಟಳು.

ಸುಮ್ಮನೆ ಕೂರುವುದು ಎಷ್ಟು ಕಷ್ಟದ ಕೆಲಸ ಎಂಬುದು ಅವಳಿಗೆ ಆಗ ಗೊತ್ತಿರಲಿಲ್ಲ. ಸವದತ್ತಿ ಕಡೆಯ ಹಳ್ಳಿಯಿಂದ ಮದುವೆಯಾಗಿ, ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಗಂಡನ ಹಿಂದೆ ದಾಂಡೇಲಿಗೆ ಬಂದ ದಿನದಿಂದ ಅವಳ ಕೈ ಖಾಲಿ ಇದ್ದದ್ದೇ ಇಲ್ಲ. ರೊಟ್ಟಿ ಬಡಿದಳು, ಬಟ್ಟೆ ಒಗೆದಳು, ಓಣಿಯ ಬಾಣಂತಿಯರಿಗೆಲ್ಲ ಎಣ್ಣೆ ಹಚ್ಚಿ ನೀರು ಹಾಕಿದಳು. ಗಂಡ ತೀರಿಕೊಂಡ ಮೇಲೆ ಮಗ ದುಂಡೇಶನಿಗೆ ಅದೇ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಸೊಸೆ ಪೂರ್ಣಿಮಾ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ತಪಾಸಣೆಯ ಕೆಲಸ ಹಿಡಿದಳು. ಮನೆಯ ಚಾಕರಿ ಮಾತ್ರ ಗೋದುಬಾಯಿಯ ಹತ್ತಿರವೇ ಉಳಿಯಿತು. ಆ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ಬೇಸರ ಇದ್ದದ್ದು ಈ ಶಾಲೆಯ ಮೇಲೆ. ಬೆಂಚಿಲ್ಲ, ಪಾಟಿ ಇಲ್ಲ, ಎಲ್ಲರೂ ಕೂಡಿ ಕೂಗುವ ಮಗ್ಗಿ ಇಲ್ಲ. ಮಕ್ಕಳ ಕೈಲಿ ಕಸ ಗುಡಿಸುತ್ತಾರಂತೆ, ಭಾಂಡಿ ತೊಳೆಸುತ್ತಾರಂತೆ. ಇದಕ್ಕೆ ಮನೆ ಏನು ಕಡಿಮೆ ಎಂದು ಅವಳು ಕೇಳಿದ್ದಳು. ದುಂಡೇಶನಿಗೂ ಟೈ ಕಟ್ಟುವ ಕಾನ್ವೆಂಟ್ ಮೇಲೆ ಮನಸ್ಸಿತ್ತು. ಪೂರ್ಣಿಮಾ ಹೆಚ್ಚು ಮಾತಾಡುವವಳಲ್ಲ, ಆದರೆ ಇದೊಂದು ವಿಷಯದಲ್ಲಿ ಬಗ್ಗಲಿಲ್ಲ.

ಸ್ಟೂಲು ಮಕ್ಕಳ ಅಳತೆಯದು. ಗೋದುಬಾಯಿ ಕೂತರೆ ಮೊಣಕಾಲು ಗದ್ದಕ್ಕೆ ಬಂದವು. ತೊಡೆಯ ಮೇಲೆ ಮೊಮ್ಮಗಳು. ಎದುರಿಗೆ ಇಪ್ಪತ್ತರ ಸುಮಾರು ಮಕ್ಕಳು, ಒಬ್ಬೊಬ್ಬರು ಒಂದೊಂದು ಕಡೆ, ತಮ್ಮ ತಮ್ಮ ಪುಟ್ಟ ಚಾಪೆ ಹಾಸಿಕೊಂಡು ಒಂದೊಂದು ಕೆಲಸ ಹಿಡಿದಿದ್ದರು. ಒಬ್ಬಳು ಗುಲಾಬಿ ಬಣ್ಣದ ಕಟ್ಟಿಗೆ ತುಂಡುಗಳನ್ನು ದೊಡ್ಡದರ ಮೇಲೆ ಸಣ್ಣದಿಟ್ಟು ಗೋಪುರ ಕಟ್ಟುತ್ತಿದ್ದಳು. ಒಬ್ಬ ಉಸುಕಿನ ಕಾಗದ ಅಂಟಿಸಿದ ಖರಖರ ಅಕ್ಷರದ ಮೇಲೆ ಎರಡು ಬೆರಳು ಆಡಿಸುತ್ತಿದ್ದ. ಹತ್ತಿರದಲ್ಲೇ ಮಹಾಬಳೇಶ್ವರ ಎಂಬ, ಹೆಸರಿನಷ್ಟೂ ಎತ್ತರ ಇಲ್ಲದ ಹುಡುಗ ಒಂದು ಜಗ್ಗಿನಿಂದ ಇನ್ನೊಂದಕ್ಕೆ ನೀರು ಸುರಿಯುತ್ತಿದ್ದ. ನೀರು ಅರ್ಧ ಜಗ್ಗಿಗೆ, ಅರ್ಧ ನೆಲಕ್ಕೆ.

ಗೋದುಬಾಯಿ ಎದ್ದೇಬಿಟ್ಟಳು. ಕೋಣೆಯ ಆ ತುದಿಯಿಂದ ಅಕ್ಕೋರು ಸುಮ್ಮನೆ ತಲೆಯೆತ್ತಿ ನೋಡಿದರು. ಅವಳು ಮತ್ತೆ ಕೂತಳು. ಹುಡುಗ ಅವಸರವಿಲ್ಲದೆ ಹೋಗಿ ಅರಿವೆ ತಂದ, ಒರೆಸಿದ. ಒರೆಸಿದ್ದಕ್ಕೆ ನೀರು ಇನ್ನಷ್ಟು ಹರಡಿತು. ಅರಿವೆ ಹಿಂಡಿದ, ಮತ್ತೆ ಒರೆಸಿದ. ಗೋದುಬಾಯಿಯ ಬೆರಳುಗಳು ಚಡಪಡಿಸಿದವು. ತಾನಾದರೆ ಇಷ್ಟೊತ್ತಿಗೆ ಇಡೀ ಕೋಣೆ ಸಾರಿಸಿ ಮುಗಿಸುತ್ತಿದ್ದೆ ಎನಿಸಿತು. ಕೊನೆಗೆ ನೆಲ ಒಣಗಿತು, ಹುಡುಗ ಅದನ್ನು ಅಂಗೈಯಿಂದ ಮುಟ್ಟಿ ನೋಡಿ, ಯಾರ ಕಡೆಗೂ ತಿರುಗದೆ, ಜಗ್ಗು ತುಂಬಿಕೊಂಡು ಬಂದು ಮೊದಲಿನಿಂದ ಸುರಿಯತೊಡಗಿದ. ಗೋದುಬಾಯಿ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಳು. ಮಧ್ಯಾಹ್ನ ಮನೆಗೆ ಬಂದಾಗ ಹೊಲದಲ್ಲಿ ಇಡೀ ದಿನ ಕಸ ಕಿತ್ತವರಂತೆ ಅವಳ ಮೈ ನೋಯುತ್ತಿತ್ತು.

ಹೀಗೆ ಕೆಲವು ದಿನ ನಡೆಯಿತು. ಸ್ವಪ್ನಾ ತೊಡೆಯಿಂದ ಇಳಿಯಲಿಲ್ಲ, ಆದರೆ ಅವಳ ಕಣ್ಣುಗಳು ಎಲ್ಲ ಕಡೆ ಓಡಾಡಿ ಬರುತ್ತಿದ್ದವು. ಒಂದು ಮುಂಜಾನೆ ಇಳಿದಳು. ಸೆರಗು ಮಾತ್ರ ಕೈಯಲ್ಲಿತ್ತು. ಮರುದಿನ ಸೆರಗೂ ಬಿಟ್ಟಳು. ಗುಲಾಬಿ ಗೋಪುರದ ಹತ್ತಿರ ಹೋಗಿ ಒಂದೊಂದೇ ತುಂಡನ್ನು ಎರಡು ಕೈಯಲ್ಲಿ ಎತ್ತಿ, ದೇವರ ಮೂರ್ತಿ ತರುವವಳ ಹಾಗೆ, ಬೇರೆ ಮಕ್ಕಳ ಚಾಪೆ ತುಳಿಯದೆ ಸುತ್ತು ಹಾಕಿ ತಂದು ಇಟ್ಟಳು. ಗೋಪುರ ಬಿತ್ತು. ಮತ್ತೆ ಕಟ್ಟಿದಳು. ಆ ಸಂಜೆಯೇ, ಚಹಾ ಕುಡಿಯುತ್ತ ಕೂತಿದ್ದ ಗೋದುಬಾಯಿಯ ಅಂಗೈ ಬಿಡಿಸಿ ಎರಡು ಬೆರಳಿನಿಂದ ಒಂದು ಅಕ್ಷರ ಬರೆದಳು. ‘ಸ’. ಇದು ನಂದು ಎಂದಳು. ಗೋದುಬಾಯಿಗೆ ಅಂಗೈಯೆಲ್ಲ ಕಚಗುಳಿ ಇಟ್ಟಂತಾಯಿತು. ಶಾಲೆಯ ಮೇಲಿನ ಅವಳ ಸಿಟ್ಟು ಅರ್ಧ ಇಳಿದದ್ದು ಆವಾಗ.

ಇಳಿದ ಆ ಅರ್ಧ ಸವತಿಕಾಯಿಯ ದಿನ ಮತ್ತೆ ಏರಿತು.

ಶಾಲೆಯಲ್ಲಿ ಹತ್ತೂವರೆಗೆ ಮಕ್ಕಳೇ ಹಣ್ಣು ತರಕಾರಿ ಹೆಚ್ಚಿ ಎಲ್ಲರಿಗೂ ಹಂಚುವ ರೂಢಿ. ಅಂದು ಸ್ವಪ್ನಾ ತಾನಾಗಿ ಹೋಗಿ ಏಪ್ರನ್ ಕಟ್ಟಿಸಿಕೊಂಡು, ಮಣೆ ಇಟ್ಟುಕೊಂಡು, ಸವತಿಕಾಯಿಯ ಮೇಲೆ ಚಾಕು ಇಟ್ಟಳು. ಚಾಕು ಕಂಡದ್ದೇ ತಡ ಗೋದುಬಾಯಿಗೆ ಸ್ಟೂಲು ಉರುಳಿದ್ದು ಗೊತ್ತಾಗಲಿಲ್ಲ, ತಾನು ಓಡಿದ್ದು ಗೊತ್ತಾಗಲಿಲ್ಲ. ಮೊಮ್ಮಗಳ ಕೈ ಗಟ್ಟಿಯಾಗಿ ಹಿಡಿದು ಚಾಕು ಕಸಿದುಕೊಂಡು, “ಬ್ಯಾಡ ನನ್ನವ್ವ, ನಿನಗ ಬರಾಂಗಿಲ್ಲ, ತಾ ಇಲ್ಲಿ,” ಎಂದು ಚಕಚಕ ಹೆಚ್ಚಿ ತಾಟಿಗೆ ಹಾಕಿದಳು. ಇಷ್ಟೂ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆಗಿಹೋಯಿತು.

ಸ್ವಪ್ನಾ ಏಪ್ರನ್ ಬಿಚ್ಚಿಸಿಕೊಳ್ಳಲು ಅಕ್ಕೋರ ಮುಂದೆ ಹೋಗಿ ಬೆನ್ನು ತಿರುಗಿಸಿ ನಿಂತಳು. ಆಮೇಲೆ ಕಿಟಕಿಯ ಬಳಿ ಕೂತವಳು ಮಧ್ಯಾಹ್ನದ ತನಕ ಒಂದೂ ವಸ್ತು ಮುಟ್ಟಲಿಲ್ಲ. ಹೆಚ್ಚಿದ ಸವತಿಕಾಯಿಯನ್ನೂ ತಿನ್ನಲಿಲ್ಲ.

ಶಾಲೆ ಬಿಟ್ಟಾಗ ಅಕ್ಕೋರು ಗೋದುಬಾಯಿಯನ್ನು ಜಗಲಿಗೆ ಕರೆದರು. ಬೈಯುತ್ತಾರೆ ಎಂದು ಅವಳು ಉತ್ತರ ಸಿದ್ಧ ಮಾಡಿಕೊಂಡಿದ್ದಳು. ಅವರು ಬೈಯಲಿಲ್ಲ.

“ಕೈ ಕೊಯ್ಕೋತಾಳಂತ ನಿಮಗ ಹೆದರಿಕಿ ಆತು, ಅದು ಖರೇ ರೀ ಆಯೀ. ಆ ಚಾಕು ಮೊಂಡ ಐತಿ. ನನ್ನ ಕೈಮ್ಯಾಲೆ ಎಳಕೊಂಡು ನೋಡಿ ಆಮ್ಯಾಲೆ ಮಕ್ಕಳ ಕೈಗೆ ಕೊಟ್ಟೇನಿ. ನಿಮ್ಮ ಕೈಯಾಗ ಆ ಹೊತ್ತಿನ್ಯಾಗ ಪ್ರೀತಿ ಇತ್ತು, ಆದ್ರ ಆಕಿಗೆ ಮುಟ್ಟಿದ್ದು, ನನಗ ಇದು ಬರಾಂಗಿಲ್ಲ ಅನ್ನೂ ಮಾತು. ಬೇಕಂದ್ರ ಆಕೀನ ಕರೀತಾಳ. ಕರಿಯೂ ತನಕ ತಡೀರಿ.”

ಗೋದುಬಾಯಿ ಛತ್ರಿ ಬಿಡಿಸಿ ನಡೆದಳು. ಅವಮಾನವಾಗಿತ್ತು. ಮಗನನ್ನು ಸಾಕಿದವಳು, ಓಣಿಯ ಅರ್ಧ ಮಕ್ಕಳನ್ನು ಎತ್ತಿ ಆಡಿಸಿದವಳು ತಾನು. ನಿನ್ನೆ ಮೊನ್ನೆ ಹುಟ್ಟಿದ ಹುಡುಗಿಯಿಂದ ಪಾಠ ಹೇಳಿಸಿಕೊಳ್ಳುವಂತಾಯಿತಲ್ಲ ಎಂದು ಸಂಜೆ ದುಂಡೇಶ ಬಂದದ್ದೇ ಅವನ ಮುಂದೆ ಎಲ್ಲ ತೋಡಿಕೊಂಡಳು. ಮಕ್ಕಳ ಕೈಗೆ ಚಾಕು ಕೊಡುವ ಶಾಲೆ ಎಂಥದು, ನಾಳೆಯೇ ಬಿಡಿಸಿ ಕಾನ್ವೆಂಟಿಗೆ ಹಾಕೋಣ ಎಂದು ಅವನು ಹಾರಾಡಿದ. ಪೂರ್ಣಿಮಾ ತಲೆ ತಗ್ಗಿಸಿ ಹಿಟ್ಟು ನಾದುತ್ತಲೇ ಇದ್ದಳು.

ಮರುದಿನ ಬೆಳಗ್ಗೆ ಗೋದುಬಾಯಿ ಏಳುವುದರೊಳಗೆ ಸ್ವಪ್ನಾ ಎದ್ದು, ಎಡಗಾಲಿನ ಬೂಟು ಬಲಗಾಲಿಗೆ ಹಾಕಿಕೊಂಡು, ಚೀಲ ಬಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಳು. ಬಿಡಿಸುವ ಮಾತು ಅಲ್ಲಿಗೇ ನಿಂತಿತು. ದುಂಡೇಶ ಮಗಳ ಮುಖ ನೋಡಿ, ಏನೋ ಗೊಣಗಿ, ಡ್ಯೂಟಿಗೆ ಹೋದ. ಅಜ್ಜಿ ಮೊಮ್ಮಗಳು ಮಳೆಯಲ್ಲಿ ನಡೆದರು. ದಾರಿಯುದ್ದಕ್ಕೂ ಸೆರಗು ಸಡಿಲವಾಗಿಯೇ ಇತ್ತು. ಶಾಲೆಯ ಗೇಟಿನ ಹತ್ತಿರ ಸ್ವಪ್ನಾ ನಿಂತು ಮೇಲೆ ನೋಡಿದಳು.

“ಆಯಿ, ನೀ ಮನೀಗ್ ಹೋಗು. ನಾ ಕೆಲಸ ಮುಗಿಸಿ ಬರ್ತೇನಿ.”

ಅವಳ ಅಪ್ಪ ಮಿಲ್ಲಿಗೆ ಹೋಗುವಾಗ ಆಡುವ ಮಾತೇ ಅದು. ಹೇಳಿದವಳು ತಿರುಗಿಯೂ ನೋಡದೆ ಮೆಟ್ಟಿಲು ಹತ್ತಿ ಒಳಗೆ ಹೋದಳು.

ಗೋದುಬಾಯಿ ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಂತಳು. ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಮಳೆಯಲ್ಲಿ ಅದು ಯಾರಿಗೂ ಕಾಣುವಂತಿರಲಿಲ್ಲ. ಪೇಟೆಯಲ್ಲಿ ಏನೂ ಕೊಳ್ಳುವುದಿಲ್ಲದಿದ್ದರೂ ಒಂದು ಸುತ್ತು ಹಾಕಿದಳು. ಮಿಲ್ಲಿನ ಕಡೆಯಿಂದ ಬೇಯಿಸಿದ ಬಿದಿರಿನಂಥ ವಾಸನೆ ತೇಲಿ ಬರುತ್ತಿತ್ತು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಕೆಸರು ಮೆತ್ತಿಕೊಂಡು ಬರುವ ಜೋಯಿಡಾ ಬಸ್ಸು, ಹಳಿಯಾಳ ಬಸ್ಸುಗಳನ್ನು ನೋಡಿದಳು. ಆ ಕೂಸಿಗೆ ತಾನು ಇಷ್ಟು ಬೇಗ ಬೇಡವಾದೆನೇ ಎಂದು ಮೊದಲು ಅನಿಸಿತು. ಆಮೇಲೆ ಬೇರೊಂದು ಯೋಚನೆ ಬಂತು. ಬೇಡವಾದದ್ದು ಆಯಿ ಅಲ್ಲ, ಆಯಿಯ ಸೆರಗು. ಎರಡೂ ಒಂದೇ ಎಂದು ಇಷ್ಟು ದಿನ ತಾನೇ ತಿಳಿದಿದ್ದಳು. ಹೀಗೆ ಯೋಚನೆ ಮಾಡಿದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಕಟ್ಟೆಯಿಂದ ಎದ್ದು ಮನೆಗೆ ಹೋದಳು.

ಆ ವಾರದ ಕೊನೆಗೆ ದುಂಡೇಶನ ಶಿಫ್ಟು ಬದಲಾಗಿ ಅವನು ಹಗಲು ಮನೆಯಲ್ಲಿ ಉಳಿಯತೊಡಗಿದ. ಉಂಡ ತಾಟು ಉಂಡಲ್ಲೇ ಇತ್ತು, ಒದ್ದೆ ಟವೆಲ್ಲು ಹಾಸಿಗೆಯ ಮೇಲಿತ್ತು. ಒಂದು ಮಧ್ಯಾಹ್ನ ಕಾಟಿನ ಮೇಲೆ ಮೊಬೈಲು ನೋಡುತ್ತ ಮಲಗಿದ್ದವನು ತಲೆಯೆತ್ತದೆ, ಅವ್ವಾ ನೀರು ಎಂದ. ನೀರಿನ ತಂಬಿಗೆ ಅವನ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಗೋದುಬಾಯಿ ರೂಢಿಯಂತೆ ಎದ್ದಳು. ಎದ್ದವಳು ನಿಂತಳು. ಶಾಲೆಯಲ್ಲಿ ನೀರು ಒರೆಸಿದ ಮಹಾಬಳೇಶ್ವರನ ವಯಸ್ಸು ನಾಲ್ಕು, ತನ್ನ ಮಗನ ವಯಸ್ಸು ಮೂವತ್ತಾರು.

“ಅಲ್ಲೇ ಬಾಜೂಕ ಐತಲ್ಲಪಾ, ತಗೋ,” ಎಂದು ಮತ್ತೆ ಕೂತಳು.

ದುಂಡೇಶ ಮೊಬೈಲು ಕೆಳಗಿಟ್ಟು ಅವ್ವನನ್ನು ನೋಡಿದ. ಮೈಯಲ್ಲಿ ಆರಾಮ ಇಲ್ಲವೇ ಎಂದು ಕೇಳಿದ. ಆರಾಮ ಇದ್ದೇನೆ ಎಂದಳು. ಅವನು ನಂಬಲಿಲ್ಲ. ಸಂಜೆ ಪೂರ್ಣಿಮಾ ಬಂದ ಕೂಡಲೇ ಅವ್ವನ ಬಿ.ಪಿ. ನೋಡು ಎಂದ. ಬಿ.ಪಿ. ಸರಿಯಾಗಿತ್ತು. ಮರುದಿನ ಬನಿಯನ್ ಎಲ್ಲಿ ಎಂದು ಕೇಳಿದ್ದಕ್ಕೆ, ನೀ ಇಟ್ಟಲ್ಲೇ ಇರಬೇಕು ಎಂಬ ಉತ್ತರ ಬಂತು. ಚಹಾದ ಕಪ್ಪು ನೆಲದ ಮೇಲೆ ಎರಡು ದಿನ ಇದ್ದು ಇರುವೆ ಮುತ್ತಿದವು, ಕೊನೆಗೆ ಅವನೇ ಎತ್ತಿದ. ಇದೆಲ್ಲ ಪೂರ್ಣಿಮಾ ಹೇಳಿಕೊಟ್ಟ ಆಟ ಎಂದು ಅವನಿಗೆ ಗುಮಾನಿ ಬಂದು, ಗಂಡ ಹೆಂಡಿರ ನಡುವೆ ಒಂದಿಷ್ಟು ಮಾತು ನಡೆಯಿತು. ಪೂರ್ಣಿಮಾಳಿಗೆ ಏನೂ ಗೊತ್ತಿರಲಿಲ್ಲ. ಅತ್ತೆ ತನ್ನ ಮೇಲಿನ ಸಿಟ್ಟಿಗೆ ಕೆಲಸ ಬಿಟ್ಟು ಕೂತಿದ್ದಾರೆ ಎಂದೇ ತಿಳಿದು ಅವಳು ಬೆಳಗ್ಗೆ ಇನ್ನೂ ಬೇಗ ಏಳತೊಡಗಿದಳು. ಗೋದುಬಾಯಿಗೆ ಅದನ್ನು ಬಿಡಿಸಿ ಹೇಳಲು ಬರಲಿಲ್ಲ. ಸೊಸೆಯ ಜೊತೆ ಅಂಥ ಮಾತು ಆಡಿ ಅವಳಿಗೆ ಅಭ್ಯಾಸವಿರಲಿಲ್ಲ.

ಜುಲೈ ತಿಂಗಳ ಒಂದು ಶನಿವಾರ ಪೂರ್ಣಿಮಾಳಿಗೆ ಕಾರವಾರದಲ್ಲಿ ತರಬೇತಿ ಇತ್ತು. ನಸುಕಿನ ಬಸ್ಸಿಗೆ ಹೋದಳು. ಹೋಗುವಾಗ ಪಲ್ಯ ಮಾಡಿಡಲಿಲ್ಲವಲ್ಲ ಎಂದು ಕಸಿವಿಸಿ ಮಾಡಿಕೊಂಡಳು. ಶಾಲೆಗೆ ರಜೆ, ದುಂಡೇಶನಿಗೂ ವಾರದ ರಜೆ. ಹನ್ನೊಂದರ ಹೊತ್ತಿಗೆ ಅವನು ಅಡುಗೆಮನೆಗೆ ಇಣುಕಿ ಊಟಕ್ಕೆ ಏನು ಎಂದು ಕೇಳಿದ. ಹೊಸ್ತಿಲ ಮೇಲೆ ಕೂತಿದ್ದ ಗೋದುಬಾಯಿ, ಇವತ್ತು ತಾನು ಒಲೆ ಮುಟ್ಟುವುದಿಲ್ಲ, ರವೆ ಡಬ್ಬಿಯಲ್ಲಿದೆ, ಉಳ್ಳಾಗಡ್ಡೆ ಬುಟ್ಟಿಯಲ್ಲಿದೆ ಎಂದಳು. ಹೇಳುವಾಗ ಅವಳಿಗೆ, ಮಗ ಚಪ್ಪಲಿ ಮೆಟ್ಟಿ ಖಾನಾವಳಿಗೆ ಹೊರಟುಬಿಟ್ಟರೆ ಎಂಬ ಭಯ. ಅವನು ಚಪ್ಪಲಿಯ ತನಕ ಹೋದದ್ದೂ ಹೌದು.

ಅವನನ್ನು ತಡೆದವಳು ಸ್ವಪ್ನಾ. ಅಪ್ಪಾ, ನಾ ತೋರಸ್ತೇನಿ ಬಾ ಎಂದು ಬೆರಳು ಹಿಡಿದು ಎಳೆದಳು. ಮೊದಲು ಕೈ ತೊಳೆಸಿದಳು. ಆಮೇಲೆ ಚಾಪೆ ಹಾಸಿಸಿದಳು, ಮೂಲೆ ಸೊಟ್ಟಾಗಿದ್ದಕ್ಕೆ ಮತ್ತೆ ಹಾಸಿಸಿದಳು. ಮಣೆ, ಸವತಿಕಾಯಿ, ಮನೆಯಲ್ಲಿದ್ದ ಮೊಂಡ ಸಣ್ಣ ಚಾಕು ತಂದು ಎದುರಿಗಿಟ್ಟುಕೊಂಡಳು. ದುಂಡೇಶ ಏನೋ ಹೇಳಲು ಹೋದಾಗ ತುಟಿಯ ಮೇಲೆ ಬೆರಳಿಟ್ಟಳು.

“ಮಾತಾಡಬ್ಯಾಡ. ನೋಡು.”

ಒಂದು ಕೈಯಿಂದ ಸವತಿಕಾಯಿ ಹಿಡಿದು, ಇನ್ನೊಂದರಿಂದ ಚಾಕು ಇಟ್ಟು, ನಿಧಾನಕ್ಕೆ ಒತ್ತಿದಳು. ಒಂದು ಬಿಲ್ಲೆ ಬಿತ್ತು. ತಾಟಿನಲ್ಲಿಟ್ಟಳು. ಇನ್ನೊಂದು ಬಿಲ್ಲೆ. ಮನೆ ಇಷ್ಟು ನಿಶ್ಶಬ್ದವಾಗಿದ್ದದ್ದು ಯಾವಾಗ ಎಂದು ಗೋದುಬಾಯಿಗೆ ನೆನಪಾಗಲಿಲ್ಲ. ಹೊರಗೆ ಮಾವಿನ ಮರದಲ್ಲಿ ಮಂಗಟ್ಟೆ ಹಕ್ಕಿಯೊಂದು ರೆಕ್ಕೆ ಬಡಿದು ಹಾರಿದ್ದು ಸೈತ ಕೇಳಿಸಿತು. ಮೂರು ಬಿಲ್ಲೆ ಆದ ಮೇಲೆ ಸ್ವಪ್ನಾ ಚಾಕುವಿನ ಹಿಡಿಕೆಯನ್ನು ಅಪ್ಪನ ಕಡೆ ತಿರುಗಿಸಿ ಕೊಟ್ಟು, ಈಗ ನಿನ್ನ ಪಾಳಿ ಎಂಬಂತೆ ಕೈ ಕಟ್ಟಿ ಕೂತಳು.

ಮಿಲ್ಲಿನಲ್ಲಿ ಮನೆಯಷ್ಟು ದೊಡ್ಡ ಯಂತ್ರ ನಡೆಸುವ ದುಂಡೇಶ ಹಣೆಯಲ್ಲಿ ಬೆವರು ತಂದುಕೊಂಡು ಸವತಿಕಾಯಿ ಹೆಚ್ಚಿದ. ಉಳ್ಳಾಗಡ್ಡೆಗೆ ಅತ್ತ. ಒಗ್ಗರಣೆ ಸೀಯಿತು, ಇನ್ನೊಂದು ಹಾಕಿದ. ನೀರು ಸುರಿಯುವಾಗ ಅರ್ಧ ಕಟ್ಟೆಗೆ ಹೋಯಿತು. ಅವನು ತಿರುಗಿ ಅವ್ವನನ್ನು ನೋಡಿದ. ಗೋದುಬಾಯಿ ಹಂಚಿನ ಸಂದಿಯಿಂದ ಬರುವ ಬೆಳಕು ನೋಡುತ್ತ ಕೂತಿದ್ದಳು. ಅವನು ಅರಿವೆ ಹುಡುಕಿ ತಂದು ಒರೆಸಿದ.

ಉಪ್ಪಿಟ್ಟು ಗಂಟು ಗಂಟಾಗಿತ್ತು, ಉಪ್ಪು ಒಂದು ಚಿಟಿಕೆ ಜಾಸ್ತಿ. ಮೂವರೂ ಚಾಪೆಯ ಮೇಲೆ ಕೂತು ತಿಂದರು. ಸ್ವಪ್ನಾ ಎರಡನೆಯ ಸಲ ಹಾಕಿಸಿಕೊಂಡಾಗ ದುಂಡೇಶನ ಮುಖ ನೋಡಬೇಕಿತ್ತು. ತಿನ್ನುತ್ತ ಅವನು ಮೆಲ್ಲಗೆ ಕೇಳಿದ.

“ನಾ ಸಣ್ಣಾಂವ ಇದ್ದಾಗ ಇದನ್ನೆಲ್ಲ ಯಾಕ ಕಲಿಸಲಿಲ್ಲ ಅವ್ವಾ ನೀ?”

“ನನಗ ಅವಸರ ಇತ್ತಪಾ,” ಎಂದಳು ಗೋದುಬಾಯಿ. “ನೀ ಒಂದು ಗುಂಡಿ ಹಾಕ್ಕೊಳ್ಳೂದರಾಗ ನಾ ನಾಕು ರೊಟ್ಟಿ ಬಡೀತಿದ್ನಿ. ನಾನ ಹಾಕಿಬಿಡ್ತಿದ್ನಿ.”

ಅವನು ಹೂಂ ಎಂದ. ತನ್ನ ತಾಟನ್ನೂ ಅವ್ವನ ತಾಟನ್ನೂ ಎತ್ತಿಕೊಂಡು ಬಚ್ಚಲಿಗೆ ಹೋದ.

ಪೂರ್ಣಿಮಾ ಬಂದಾಗ ಕತ್ತಲಾಗುತ್ತಿತ್ತು. ಅಣಶಿ ಘಟ್ಟದಲ್ಲಿ ಮರ ಬಿದ್ದು ಬಸ್ಸು ತಡವಾಗಿತ್ತು. ಇನ್ನು ಅಡುಗೆ ಮಾಡಬೇಕಲ್ಲ ಎಂಬ ಮುಖದಲ್ಲೇ ಒಳಗೆ ಬಂದವಳ ಮುಂದೆ ಸ್ವಪ್ನಾ ಒಂದು ತಾಟು ತಂದಿಟ್ಟಳು. ತಣ್ಣಗಾದ ಉಪ್ಪಿಟ್ಟು, ದಪ್ಪ ಒಂದು ತೆಳ್ಳಗೆ ಒಂದು ಸವತಿಕಾಯಿ ಬಿಲ್ಲೆ. ಒಂದು ತುತ್ತು ತಿಂದು, ಯಾರು ಮಾಡಿದ್ದು ಎಂದು ಕೇಳಿದಳು. ನಾನೂ ಅಪ್ಪಾನೂ ಎಂದಳು ಮಗಳು. ಪೂರ್ಣಿಮಾಳ ಕೈ ತಾಟಿನಲ್ಲೇ ನಿಂತಿತು. ಅರಿವೆ ಮಡಿಚುತ್ತಿದ್ದ ಅತ್ತೆಯ ಕಡೆ ನೋಡಿದಳು.

“ನೀವ್ ಎಲ್ಲಿದ್ರಿ ಅತ್ತ್ಯಾರ?”

“ನಾ ಇಲ್ಲೇ ಇದ್ನಿ. ಕೂತಿದ್ನಿ.”

ಹೇಳಿದ್ದೇ ತಡ ಗೋದುಬಾಯಿಗೆ ನಗು ಬಂತು. ಹೊಟ್ಟೆಯಿಂದ ಎದ್ದು ಬಂದ ನಗು. ಪೂರ್ಣಿಮಾ ಮೊದಲು ಗಾಬರಿಯಾದಳು, ಆಮೇಲೆ ಅವಳಿಗೂ ತಡೆಯಲಾಗಲಿಲ್ಲ. ನಗುತ್ತ ನಗುತ್ತ ಗೋದುಬಾಯಿ ಸ್ಟೂಲಿನ ಕತೆ, ಚಾಕುವಿನ ಕತೆ, ಗೇಟಿನ ಹತ್ತಿರ ಮೊಮ್ಮಗಳು ತನ್ನನ್ನು ಮನೆಗೆ ಕಳಿಸಿದ ಕತೆ ಎಲ್ಲ ಹೇಳಿದಳು. ತನ್ನ ಮೇಲೆ ಸಿಟ್ಟಲ್ಲವೇ ಎಂದು ಪೂರ್ಣಿಮಾ ಕೇಳಿಯೇಬಿಟ್ಟಳು. ನಿನ್ನ ಮೇಲೆ ಯಾತಕ್ಕೆ ಸಿಟ್ಟು ಎಂದು ಗೋದುಬಾಯಿ ಅವಳ ತಾಟಿನಿಂದಲೇ ಒಂದು ಬಿಲ್ಲೆ ಎತ್ತಿ ಬಾಯಿಗೆ ಹಾಕಿಕೊಂಡಳು.

ದುಂಡೇಶ ಒಂದೇ ದಿನಕ್ಕೆ ಬದಲಾದ ಎಂದೇನಲ್ಲ. ಟವೆಲ್ಲು ಇನ್ನೂ ಹಾಸಿಗೆಯ ಮೇಲೆ ಬೀಳುತ್ತಿತ್ತು. ಆದರೆ ಶನಿವಾರದ ಅಡುಗೆ ತನ್ನದು ಎಂದು ಅವನೇ ಹೇಳಿಕೊಂಡ, ಮಿಲ್ಲಿನ ಗೆಳೆಯರ ಮುಂದೆ ಮಾತ್ರ ಹೇಳಲಿಲ್ಲ.

ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಭಾನುವಾರ ನಾಲ್ವರೂ ನದಿ ದಂಡೆಯ ಮೌಳಂಗಿಗೆ ಹೋದರು. ಇಷ್ಟು ವರ್ಷ ದಾಂಡೇಲಿಯಲ್ಲಿದ್ದರೂ ಗೋದುಬಾಯಿ ಅಲ್ಲಿಗೆ ಹೋಗಿರಲಿಲ್ಲ, ಪುರಸೊತ್ತು ಎಲ್ಲಿತ್ತು. ಕಾಳಿ ನದಿ ಕೆಂಪಾಗಿ, ಅಗಲವಾಗಿ ಹರಿಯುತ್ತಿತ್ತು. ಅಪ್ಪ ಮಗಳು ದಂಡೆಯಿಂದ ದೂರ ನಿಂತು ನೀರಿಗೆ ಕಲ್ಲು ಎಸೆಯುತ್ತಿದ್ದರು. ಅತ್ತೆ ಸೊಸೆ ಮೇಲಿನ ಬಂಡೆಯ ಮೇಲೆ ಕೂತು, ಕಾಗದದ ಪೊಟ್ಟಣದಿಂದ ಚುರಮುರಿ ತಿನ್ನುತ್ತಿದ್ದರು. ನೀರು ನೋಡುತ್ತ ಪೂರ್ಣಿಮಾ ತನ್ನ ಮುಂಡಗೋಡದ ಕಡೆಯ ಊರಿನ ಕೆರೆಯ ಮಾತು ತೆಗೆದಳು. ಎಮ್ಮೆಯ ಬಾಲ ಹಿಡಿದು ಈಜು ಕಲಿತದ್ದು, ಕೆರೆಯ ಆ ದಂಡೆ ಮುಟ್ಟಿ ಬಂದು ಅವ್ವನಿಂದ ಬೈಸಿಕೊಂಡದ್ದು.

ಗೋದುಬಾಯಿ ತಿನ್ನುವುದನ್ನು ನಿಲ್ಲಿಸಿದಳು. ಏಳು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದರು ಅವರಿಬ್ಬರು.

“ನಿನಗ ಈಸಾಕ ಬರ್ತೈತಿ?”

ಬರುತ್ತದೆ ಎಂದಳು ಪೂರ್ಣಿಮಾ, ಸ್ವಲ್ಪ ನಾಚಿಕೊಂಡು. ಇನ್ನೂ ಏನೇನು ಬರುತ್ತದೆ ಹೇಳು ಎಂದು ಗೋದುಬಾಯಿ ಬಂಡೆಯ ಮೇಲೆ ಅವಳ ಹತ್ತಿರಕ್ಕೆ ಸರಿದು ಕೂತಳು. ಹನಿ ಮತ್ತೆ ಶುರುವಾಯಿತು. ದುಂಡೇಶ ಕೆಳಗಿನಿಂದ ಏನೋ ಕೂಗಿ ಕರೆದ, ಇಬ್ಬರಿಗೂ ಕೇಳಿಸಲಿಲ್ಲ.